ಹಳೆ ಹಂಚಿನ ಮನೆ ಬಿಚ್ಚಲು ಯಾವ ಕಂಬಿ ತರಬೇಕು?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಹಳೆ ಹಂಚಿನ ಮನೆ ಇದೆ. ಕೆಂಪುಕಲ್ಲಿನ ಗೋಡೆ, ಮಣ್ಣಿನ ಗಾರೆ. ಮಾಡಿನ, ಅಂದರೆ ಚಾವಣಿಯ, ಇಳಿಜಾರು ತೊಲೆಗಳಾದ ಪಕ್ಕಾಸುಗಳಲ್ಲಿ ಕೆಲವು ಹಲಸು, ಕೆಲವು ಕಿರಾಲುಬೋಗಿ ಮರದ್ದು. ನಡುಕೋಣೆಗೆ ಹಲಗೆಯ ಮುಚ್ಚಿಗೆ ಇದೆ. ಹಿಂದಿನ ಜಗಲಿಗೆ ಆಮೇಲೆ ಸಿಮೆಂಟ್ ಶೀಟ್ ಹೊದಿಸಿದ್ದು. ಪಕ್ಕದಲ್ಲೇ ಹೊಸ ಮನೆ ಆಗಿದೆ. ಹಳೆಯದನ್ನು ಜೆಸಿಬಿ ತಂದು ಪುಡಿ ಮಾಡಲು ಮನಸ್ಸಿಲ್ಲ. ಮರ, ಬಾಗಿಲು, ಹಂಚು ಉಳಿಸಿಕೊಂಡು ನಿಧಾನಕ್ಕೆ ಬಿಚ್ಚಬೇಕೆಂದಿದ್ದೇವೆ. ಬೆಂಗಳೂರಿನಲ್ಲಿರುವ ಮಗ ರಜೆಯಲ್ಲಿ ಬಂದು ಸೇರಿಕೊಳ್ಳುತ್ತಾನೆ. ಅವನು ಆನ್‌ಲೈನಲ್ಲಿ ಒಂದು ಹೆವಿ ಡ್ಯೂಟಿ ಡೆಮಾಲಿಷನ್ ಬಾರ್ ನೋಡಿದ್ದಾನೆ. ಸುತ್ತಿಗೆ, ಮೊಳೆ ಕೀಳುವ ಕೊಕ್ಕೆ, ಹಲಗೆ ತಿರುಚುವ ಬಾಯಿ, ಮೀಟುಗೋಲು ಎಲ್ಲ ಒಂದರಲ್ಲೇ ಇದೆಯಂತೆ. ಬೆಲೆ ಸುಮಾರು ನಾಲ್ಕು ಸಾವಿರ. 18 ಇಂಚಿನದ್ದು ತರುವುದೋ, 30 ಇಂಚಿನದ್ದೋ? ಅಂಗಡಿಯವರು 'ಭಾರ ಜಾಸ್ತಿ ಇದ್ದಷ್ಟು ಗಟ್ಟಿ' ಅನ್ನುತ್ತಾರೆ. ನಮ್ಮ ಆಚಾರಿ 'ಮನೆಯಲ್ಲಿ ಕಂಬಿಪಾರೆ, ಉದ್ದದ ಹಾರೆ, ಇದೆಯಲ್ಲ, ಮತ್ತೆಂಥದಕ್ಕೆ?' ಅನ್ನುತ್ತಾರೆ. ಹಿಡಿಗೆ ರಬ್ಬರ್ ಇರುವುದರಿಂದ ಕರೆಂಟಿನ ಭಯ ಇಲ್ಲ ಎಂದೂ ಓದಿದೆ. ನನಗೆ 52 ವರ್ಷ, ಸ್ವಲ್ಪ ಬೆನ್ನು ನೋವು ಇದೆ. ಏನು ಮಾಡಲಿ?

ಉತ್ತರ: ಕೇಳಿದ್ದು ಕಂಬಿಯ ಅಳತೆ. ಆದರೆ ನಿಮ್ಮ ಚಿಂತೆ ಬೇರೆಯೇ ಇದ್ದ ಹಾಗೆ ಕಾಣುತ್ತದೆ. ದುಡ್ಡು ಕೊಟ್ಟು ತಂದ ಹತ್ಯಾರು ಮರವನ್ನೇ ಹಾಳು ಮಾಡಿಬಿಟ್ಟರೆ? ಮಾಡಿನ ಮೇಲಿರುವಾಗ ಕೈಕೊಟ್ಟರೆ? ಎರಡೂ ಆಗುವಂಥದ್ದೇ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮನೆಯ ಮುಕ್ಕಾಲು ಪಾಲು ಕೆಲಸಕ್ಕೆ ಆ ಬಹುಪಯೋಗಿ ಕಂಬಿ ಬೇಕಾಗಿಲ್ಲ. ಬೇಕಾದದ್ದು ಅದಕ್ಕಿಂತ ತೆಳ್ಳಗಿನ, ಕಡಿಮೆ ಬೆಲೆಯ ಎರಡು ಮೂರು ಹತ್ಯಾರುಗಳು. ಆಚಾರಿ ಹೇಳಿದ್ದೂ ಅರ್ಧ ಸರಿ. ಉಳಿದರ್ಧ ಯಾಕೆ ಸರಿಯಲ್ಲ ಎಂದು ಮುಂದೆ ಬರುತ್ತದೆ.

ನಿಮ್ಮ ಮಗ ನೋಡಿದ್ದು ಕೆಟ್ಟ ಹತ್ಯಾರು ಅಲ್ಲ. ಅದು ಬೇರೆ ಊರಿನ, ಬೇರೆ ಬಗೆಯ ಮನೆಗೆ ಹುಟ್ಟಿದ್ದು, ಅಷ್ಟೇ. ಅಮೆರಿಕದ ಮಾಮೂಲಿ ಮನೆಗಳ ಗೋಡೆಯೇ ಮರದ ಚೌಕಟ್ಟು. 'ಎರಡು ಬೈ ನಾಲ್ಕು' ಎಂದು ಕರೆಯುವ ಮೆದು ಮರದ ತುಂಡುಗಳನ್ನು ಮೊಳೆ ಹೊಡೆದು ನಿಲ್ಲಿಸುತ್ತಾರೆ, ಮೇಲೆ ಜಿಪ್ಸಮ್ ಬೋರ್ಡ್ ಹೊದಿಸುತ್ತಾರೆ. ಕೆಡವುವಾಗ ಸುತ್ತಿಗೆ ಮುಖದಿಂದ ಬೋರ್ಡಿಗೆ ತೂತು ಹೊಡೆಯುವುದು, ಬಾಯಿಯಿಂದ ಮರ ಕಚ್ಚಿ ತಿರುಚುವುದು, ತುದಿ ತುರುಕಿ ಎಬ್ಬಿಸುವುದು. ಹೆಚ್ಚಿನ ಮರ ಕಸಕ್ಕೆ ಹೋಗುತ್ತದೆ. ಹತ್ಯಾರು ಬದಲಿಸುತ್ತಾ ಕೂರದೆ ಬೇಗ ಮುಗಿಸುವುದು ಮುಖ್ಯ. ಈ ಜಾತಿಯ ಕಂಬಿಗಳ ಹಿರಿಯಣ್ಣ ಎಂದರೆ ಹ್ಯಾಲಿಗನ್ ಬಾರ್. 1948ರಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ದಳದ ಅಧಿಕಾರಿ ಹ್ಯೂ ಹ್ಯಾಲಿಗನ್ ಅದನ್ನು ರೂಪಿಸಿದರು. ಉರಿಯುವ ಕಟ್ಟಡದ ಬಾಗಿಲು ಮುರಿದು ಒಳಗೆ ನುಗ್ಗುವವರಿಗೆ ಬಾಗಿಲು ಉಳಿಯಬೇಕೆಂಬ ಆಸೆ ಇರುವುದಿಲ್ಲ, ಅಲ್ವಾ? ನಿಮಗೆ ಆ ಆಸೆ ಇದೆ.

ಈಗ ಭಾರದ ಮಾತು. ಮೀಟುವಾಗ ಕೆಲಸ ಮಾಡುವುದು ಕಂಬಿಯ ಉದ್ದ. ಭಾರ ಉಪಯೋಗಕ್ಕೆ ಬರುವುದು ಬೀಸಿ ಹೊಡೆಯುವಾಗ ಮಾತ್ರ. ಲೆಕ್ಕ ಸುಲಭ. ಬಾಗಿದ ಕಂಬಿಯ ತುದಿಯಿಂದ ಅದರ ಹಿಮ್ಮಡಿಗೆ, ಅಂದರೆ ಮರದ ಮೇಲೆ ಊರಿ ನಿಲ್ಲುವ ಜಾಗಕ್ಕೆ, ಸುಮಾರು 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 18 ಇಂಚಿನ ಕಂಬಿ 45 ಸೆಂಟಿಮೀಟರ್. ಹಿಮ್ಮಡಿಯಿಂದ ಕೈವರೆಗೆ 40 ಉಳಿಯಿತು. ನಲವತ್ತನ್ನು ಐದರಿಂದ ಭಾಗಿಸಿದರೆ ಎಂಟು. ನೀವು 20 ಕಿಲೋದಷ್ಟು ಒತ್ತಿದರೆ ತುದಿಯಲ್ಲಿ 160 ಕಿಲೋ. 30 ಇಂಚಿನದ್ದಾದರೆ ಹೆಚ್ಚುಕಮ್ಮಿ ಹದಿನಾಲ್ಕು ಪಟ್ಟು, 280 ಕಿಲೋ. 36 ಇಂಚಿನದ್ದಾದರೆ ಹದಿನೇಳು ಪಟ್ಟು, 340 ಕಿಲೋ. ಈ ಲೆಕ್ಕದಲ್ಲಿ ಕಂಬಿ ಎಷ್ಟು ತೂಗುತ್ತದೆ ಎಂಬುದು ಎಲ್ಲೂ ಬರುವುದಿಲ್ಲ. ಕಂಬಿ ಬಗ್ಗದೆ ನಿಲ್ಲುವುದು ಒಳ್ಳೆ ಕಾರ್ಬನ್ ಉಕ್ಕು, ಸರಿಯಾಗಿ ಕೊಟ್ಟ ಹದ, ಷಟ್ಕೋನದ ಅಥವಾ ಎರಡೂ ಅಂಚು ಎದ್ದ ಅಡ್ಡಕೊಯ್ತ, ಇವುಗಳಿಂದ. ಮೆದು ಕಬ್ಬಿಣದ ದಪ್ಪ ಸರಳು ತೂಕಕ್ಕೆ ಚೆನ್ನಾಗಿ ಬರುತ್ತದೆ, ಮೊದಲ ಬೋಗಿ ಪಕ್ಕಾಸಿಗೇ ಬಗ್ಗುತ್ತದೆ.

ತಲೆಗಿಂತ ಮೇಲೆ ಕೈ ಎತ್ತಿ ಕೆಲಸ ಮಾಡುವಾಗ ಭಾರ ನಿಮ್ಮ ವೈರಿ. ಎರಡು ಕಿಲೋ ಹೆಚ್ಚು ಇರುವ ಕಂಬಿಯನ್ನು ಬೆಳಗ್ಗೆಯಿಂದ ಊಟದವರೆಗೆ ಹಂಚು ಹೊರುವ ಅಡ್ಡಪಟ್ಟಿಯ, ಅಂದರೆ ರೀಪಿನ, ಎಡೆಗೆ ತುರುಕಿ ನೋಡಿ, ಬೆನ್ನು ನಿಮಗೆ ಉತ್ತರ ಹೇಳುತ್ತದೆ.

ತುದಿಯಲ್ಲಿ 300 ಕಿಲೋ ಎಂದು ಖುಷಿಪಡುವಾಗ ಮರೆತುಹೋಗುವ ವಿಷಯ ಒಂದಿದೆ. ಹಿಮ್ಮಡಿಯ ಕೆಳಗೂ ಅಷ್ಟೇ ಬಲ ಬೀಳುತ್ತದೆ, ಸ್ವಲ್ಪ ಜಾಸ್ತಿಯೇ. ಆ ಹಿಮ್ಮಡಿ ತಾಗುವುದು ಎಷ್ಟು ಜಾಗಕ್ಕೆ? ನಾಲ್ಕು ಸೆಂಟಿಮೀಟರ್ ಅಗಲ, ಅರ್ಧ ಸೆಂಟಿಮೀಟರ್ ಉದ್ದ, ಅಂದರೆ ಎರಡು ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿಗೆ 150 ಕಿಲೋ! ಕಟ್ಟಡಕ್ಕೆ ಬಳಸುವ ಕೆಂಪುಕಲ್ಲಿಗೆ ಭಾರತೀಯ ಮಾನಕ ಐಎಸ್ 3620 ಕೇಳುವ ಕನಿಷ್ಠ ತಾಳಿಕೆ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ. ದಾರಂದ, ಅಂದರೆ ಬಾಗಿಲ ಚೌಕಟ್ಟು, ಎಬ್ಬಿಸಲು ಕಂಬಿಯನ್ನು ನೇರ ಕಲ್ಲಿನ ಮೇಲೆ ಊರಿದರೆ ಕಲ್ಲಿನ ಅಂಚು ಪುಡಿಯಾಗಿ ಕಂಬಿ ಒಳಗೆ ಹೂತುಹೋಗುತ್ತದೆ, ದಾರಂದ ಇದ್ದಲ್ಲೇ ಇರುತ್ತದೆ. ಹಲಸಿನ ಮೇಲೆ ಊರಿದರೆ ಮರದಲ್ಲಿ ಅರ್ಧಚಂದ್ರದ ಗುಳಿ. ಅಂಗೈ ಅಗಲದ, ಒಂದು ಇಂಚು ದಪ್ಪದ ಗಟ್ಟಿ ಮರದ ತುಂಡು ಅಡಿಗೆ ಇಟ್ಟುಕೊಳ್ಳಿ. ಅದೇ ಬಲ ನೂರು ಚದರ ಸೆಂಟಿಮೀಟರಿಗೆ ಹರಡಿ ಚದರ ಸೆಂಟಿಮೀಟರಿಗೆ ಮೂರು ಕಿಲೋಗೆ ಇಳಿಯುತ್ತದೆ. ಮೂರು ಬೇರೆ ಬೇರೆ ದಪ್ಪದ ಇಂಥ ತುಂಡುಗಳಿಗೆ ಹಗ್ಗ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಕಂಬಿಯ ಬೆಲೆಗಿಂತ ಈ ಮೂರು ತುಂಡುಗಳೇ ನಿಮ್ಮ ಮರ ಉಳಿಸುವುದು.

ಇನ್ನು ಆ ತಿರುಚುವ ಬಾಯಿ. ಜಾಹೀರಾತಿನ ವಿಡಿಯೋದಲ್ಲಿ ಅದೇ ಹೀರೋ. ಅಮೆರಿಕದ 'ಎರಡು ಬೈ ನಾಲ್ಕು' ತುಂಡಿನ ನಿಜವಾದ ದಪ್ಪ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಬಾಯಿಯನ್ನು ಮಾಡಿದ್ದು ಮುಖ್ಯವಾಗಿ ಆ ಅಳತೆಗೆ. ನಮ್ಮ ರೀಪು ಸಾಮಾನ್ಯವಾಗಿ ಒಂದು ಇಂಚು. ಬಾಯಿಯೊಳಗೆ ಸಡಿಲವಾಗಿ ಅಲುಗಾಡುತ್ತದೆ, ತಿರುಚಿದರೆ ಎರಡು ಮೂಲೆಗಳಲ್ಲಿ ಮಾತ್ರ ಕಚ್ಚಿ ನಾರು ಸೀಳುತ್ತದೆ. ಹಳೆ ಪಕ್ಕಾಸು ಎರಡು ಇಂಚು, ಕೆಲವು ಮನೆಗಳಲ್ಲಿ ಇನ್ನೂ ದಪ್ಪ. ಅದು ಬಾಯಿಯೊಳಗೆ ಹೋಗುವುದೇ ಇಲ್ಲ. ಮುಚ್ಚಿಗೆಯ ಹಲಗೆಗೆ ಇದನ್ನು ತೋರಿಸಲೇಬೇಡಿ. ಒಂದು ಹಲಗೆಯ ನಾಲಿಗೆ ಪಕ್ಕದ ಹಲಗೆಯ ಅಂಚಿನಲ್ಲಿ ಕೊರೆದ ಉದ್ದ ತೋಡಿನೊಳಗೆ ಕೂತಿರುತ್ತದೆ. ಮೊದಲನೆಯದನ್ನು ತಿರುಚಿದರೆ ಎರಡನೆಯದರ ಅಂಚೂ ಕಿತ್ತು ಬರುತ್ತದೆ. ಮುಚ್ಚಿಗೆಯನ್ನು ಗೋಡೆ ಬದಿಯ ಕೊನೆಯ ಹಲಗೆಯಿಂದ ಶುರು ಮಾಡಿ, ಜಂತಿಯ ಪಕ್ಕದಲ್ಲೇ ತೆಳು ಪಟ್ಟಿ ಕಂಬಿ ತುರುಕಿ, ಒಂದೊಂದು ಜಂತಿಯಲ್ಲಿ ಅರ್ಧ ಇಂಚು ಎಬ್ಬಿಸುತ್ತಾ ಹೋಗಬೇಕು. ಒಂದೇ ಕಡೆ ಪೂರ್ತಿ ಎಬ್ಬಿಸಿದರೆ ಹಲಗೆ ನಡುವೆ ಸೀಳುತ್ತದೆ. ಮುಚ್ಚಿಗೆಯ ಮೇಲೆ ಮಣ್ಣು ಹಾಸಿದ್ದರೆ ಮೊದಲು ಅದನ್ನು ಬುಟ್ಟಿಯಲ್ಲಿ ಇಳಿಸಿಬಿಡಿ. ಕೆಳಗೆ ನಿಂತು ಹಲಗೆ ಕಿತ್ತರೆ ಆ ಮಣ್ಣೆಲ್ಲ ನಿಮ್ಮ ತಲೆಗೇ.

ಕಂಬಿಯಲ್ಲಿ ನಾನು ಮೊದಲು ನೋಡುವುದು ತುದಿ. ರೀಪಿಗೂ ಪಕ್ಕಾಸಿಗೂ ನಡುವೆ ಎಡೆ ಇರುವುದು ಒಂದು ಕಾಗದ ಹೋಗುವಷ್ಟು. ತುದಿಯ ಅಂಚು ಒಂದೆರಡು ಮಿಲಿಮೀಟರ್ ದಪ್ಪವಿದ್ದು, ಹಿಂದಕ್ಕೆ ನಿಧಾನವಾಗಿ ದಪ್ಪವಾಗುತ್ತಾ ಹೋದರೆ ಅದು ಸುಲಭವಾಗಿ ಒಳಗೆ ಜಾರುತ್ತದೆ. ಅಂಚೇ ನಾಲ್ಕೈದು ಮಿಲಿಮೀಟರ್ ಇದ್ದರೆ ಅದನ್ನು ಸುತ್ತಿಗೆಯಿಂದ ಹೊಡೆದು ಇಳಿಸಬೇಕು, ಇಳಿಸುವಾಗಲೇ ಎರಡೂ ಮರ ಜಜ್ಜಿರುತ್ತದೆ. ಬಹುಪಯೋಗಿ ಕಂಬಿಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿ. ಅಂಗಡಿಗೆ ಹೋಗುವಾಗ ಮನೆಯಿಂದ ಮೊಳೆ ಇರುವ ರೀಪಿನ ತುಂಡೊಂದನ್ನು ಜೊತೆಗೆ ಒಯ್ಯಿರಿ. ಕಾಸರಗೋಡು ಪೇಟೆಯಲ್ಲಾಗಲಿ ಕುಂಬಳೆ, ಉಪ್ಪಳದಲ್ಲಾಗಲಿ ಹಾರ್ಡ್‌ವೇರ್ ಅಂಗಡಿಯವರು ನಕ್ಕರೆ ನಗಲಿ. ತುದಿ ಎಡೆಗೆ ಹೋಗುತ್ತದಾ, ಕೊಕ್ಕೆಯ ಸೀಳು ಮೊಳೆಯ ಕುತ್ತಿಗೆಯನ್ನು ಹಿಡಿಯುತ್ತದಾ, ಅಲ್ಲೇ ಗೊತ್ತಾಗುತ್ತದೆ. ಸೀಳು ಒಳಕ್ಕೆ ಹೋದಂತೆ ಚೂಪಾಗಿ ಕಿರಿದಾಗಬೇಕು, ಅಂಚು ಹರಿತ ಇರಬೇಕು. ಹಾಗಿದ್ದರೆ ತಲೆ ಹೋದ ಮೊಳೆಯನ್ನೂ ಕಚ್ಚುತ್ತದೆ.

ಆಮೇಲೆ ತಲೆಯನ್ನು ನೋಡಿ. ಇಡೀ ಕಂಬಿ ಒಂದೇ ಉಕ್ಕನ್ನು ಕಾಯಿಸಿ ಬಡಿದು ಮಾಡಿದ್ದೋ, ಸರಳಿಗೆ ತಲೆಯನ್ನು ವೆಲ್ಡ್ ಮಾಡಿದ್ದೋ? ವೆಲ್ಡಿನ ಗೆರೆಯನ್ನು ಬಣ್ಣದ ಅಡಿಯಲ್ಲಿ ಮುಚ್ಚಿರುತ್ತಾರೆ. ಉಗುರಿನಿಂದ ಸವರಿದರೆ ಏರುತಗ್ಗು ಸಿಗುತ್ತದೆ. ವೆಲ್ಡ್ ಮಾಡಿದ್ದು ಬೇಡ. ಅದು ನಿಧಾನವಾಗಿ ಬಗ್ಗುವುದಿಲ್ಲ, ಪಟ್ಟನೆ ಬಿಡುತ್ತದೆ, ಅದೂ ನೀವು ಪೂರ್ತಿ ಬಲ ಹಾಕಿದ ಹೊತ್ತಿನಲ್ಲಿ. ಹಾರೆಕೋಲು ಮತ್ತು ಮೊಳೆ ಕೀಳುವ ಕಂಬಿಗಳಿಗೆ ಭಾರತೀಯ ಮಾನಕ ಐಎಸ್ 704 ಇದೆ. ಆ ಗುರುತು ಇರುವುದು ಸಿಕ್ಕರೆ ಒಳ್ಳೆಯದು.

ಊರಿನ ಕಮ್ಮಾರರ ಹತ್ತಿರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಬಹುದಾ ಎಂದು ಬಹಳ ಜನ ಕೇಳುತ್ತಾರೆ. ಉಕ್ಕು ಚಿನ್ನದಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಇರುವ ತೊಂದರೆ ಹದದ್ದು. ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಗಡಸನ್ನು ಇಳಿಸಬೇಕು. ಅದನ್ನು ಬಿಟ್ಟರೆ ತುದಿ ಗಾಜಿನ ಹಾಗೆ ಚಿಪ್ಪೇಳುತ್ತದೆ. ಕೈ ಪಳಗಿದ ಹಳೆ ಕಮ್ಮಾರರಿದ್ದರೆ ಧೈರ್ಯವಾಗಿ ಮಾಡಿಸಿ. ತಂದ ಮೇಲೆ ತುದಿಗೆ ಅರ ಹಾಕಿ ನೋಡಿ. ಅರ ಸ್ವಲ್ಪ ಕಷ್ಟಪಟ್ಟು ಕಚ್ಚಬೇಕು. ಜಾರಿಹೋದರೆ ಗಡಸು ಹೆಚ್ಚು, ಬೆಣ್ಣೆ ತೆಗೆದ ಹಾಗೆ ಬಂದರೆ ಮೆದು. ಮುಂದೆ ತುದಿ ಮೊಂಡಾದಾಗಲೂ ಅರದಿಂದಲೇ ಸಾಣೆ ಹಿಡಿಯಿರಿ. ಗ್ರೈಂಡರ್ ಹಾಕಲೇಬೇಕಾದರೆ ಆಗಾಗ ನೀರಿಗೆ ಅದ್ದಿ. ತುದಿ ನೀಲಿಗಟ್ಟಿತೆಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಎಂದರ್ಥ, ಕೊಟ್ಟಿದ್ದ ಹದ ಅಷ್ಟು ಸಡಿಲವಾಯಿತು.

ನಿಮಗೆ ಹೆಚ್ಚು ಸಮಯ ತಿನ್ನುವ ಕೆಲಸ ಮೊಳೆ ಕೀಳುವುದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಲಸಿನಂಥ ಮರದಲ್ಲಿ ಒಗರಿನ ಅಂಶ ಇದೆ. ತೇವ ಸೇರಿದರೆ ಅದು ಕಬ್ಬಿಣದ ಜೊತೆ ಸೇರಿ ಮೊಳೆಯ ಸುತ್ತ ಕಪ್ಪು ಕಲೆ ಮಾಡುತ್ತದೆ. ಮೊಳೆ ತುಕ್ಕು ಹಿಡಿದು ಉಬ್ಬಿ ಮರವನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದರೆ ಒಳಗೆ ಅದರ ಸೊಂಟ ಸವೆದಿರುತ್ತದೆ. ನೇರ ಎಳೆದರೆ ತಲೆ ಮಾತ್ರ ಕೈಗೆ ಬರುತ್ತದೆ. ಹಾಗಾಗಿ ಮೊದಲು ಎಳೆಯಬೇಡಿ, ಹೊಡೆಯಿರಿ. ತಲೆಯ ಮೇಲೆ ಸುತ್ತಿಗೆಯಿಂದ ಒಂದು ಗಟ್ಟಿ ಪೆಟ್ಟು ಕೊಟ್ಟರೆ ಮೊಳೆ ಕೂದಲೆಳೆಯಷ್ಟು ಒಳಗೆ ಹೋಗುತ್ತದೆ, ಆಗ ತುಕ್ಕಿನ ಹಿಡಿತ ಒಡೆಯುತ್ತದೆ. ಒಂದು ಸಣ್ಣ ಟಕ್ ಸದ್ದು ಕೇಳಿಸುತ್ತದೆ. ಇನ್ನು ಹಿಂಬದಿ ನೋಡಿ. ಹಳೆ ಆಚಾರಿಗಳು ಮೊಳೆಯ ತುದಿಯನ್ನು ಆಚೆ ಬದಿಯಲ್ಲಿ ಬಗ್ಗಿಸಿ ಬಡಿದಿರುತ್ತಾರೆ. ಅದನ್ನು ನೆಟ್ಟಗೆ ಮಾಡದೆ ಈಚೆಯಿಂದ ಎಷ್ಟು ಮೀಟಿದರೂ ಮರ ಸೀಳುತ್ತದೆಯೇ ಹೊರತು ಮೊಳೆ ಬರುವುದಿಲ್ಲ. ತಲೆ ಮರದೊಳಗೆ ಹೂತಿದ್ದರೆ 'ಕ್ಯಾಟ್ಸ್ ಪಾ' ಎಂಬ ಗಿಡ್ಡ ಹತ್ಯಾರು ಬೇಕು. ಅದರ ಪಂಜವನ್ನು ತಲೆಯ ಪಕ್ಕ ಮರಕ್ಕೆ ಹೊಡೆದು ಇಳಿಸಿ ಕುತ್ತಿಗೆ ಹಿಡಿಯುವುದು. ಸ್ವಲ್ಪ ಮರ ಹಾಳಾಗುತ್ತದೆ, ಬೇರೆ ದಾರಿ ಇಲ್ಲ. ಮೊಳೆ ಅರ್ಧ ಇಂಚು ಎದ್ದ ಮೇಲೆ ಕೊಕ್ಕೆ ಹಾಕಿ, ಹಿಮ್ಮಡಿಯ ಅಡಿಗೆ ಮರದ ತುಂಡು ಇಟ್ಟು ಮೀಟಿ. ಮೊಳೆ ಎದ್ದಷ್ಟೂ ದಪ್ಪದ ತುಂಡು ಬದಲಿಸಿ. ಹೀಗೆ ಮಾಡಿದರೆ ಮೊಳೆ ನೇರ ಮೇಲೆ ಬರುತ್ತದೆ. ತುಂಡು ಬದಲಿಸಲು ಉದಾಸೀನ ಮಾಡಿದರೆ ಕಂಬಿ ಮೊಳೆಯನ್ನು ಪಕ್ಕಕ್ಕೆ ಎಳೆದು ತೂತನ್ನು ಉದ್ದ ಮಾಡುತ್ತದೆ.

ಕಿರಾಲುಬೋಗಿಯಲ್ಲಿ ಇಷ್ಟು ಮಾಡಿದರೂ ಕೆಲವು ಮೊಳೆ ಬರುವುದಿಲ್ಲ. ಆ ಮರ ಅಷ್ಟು ಗಟ್ಟಿ. ಅಲ್ಲಿ ಹಟ ಮಾಡಬೇಡಿ. ರೀಪನ್ನು ಕಾಲು ಇಂಚು ಎಬ್ಬಿಸಿ, ಎಡೆಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆ ಕೊಯ್ದುಬಿಡಿ. ಜೋಡಣೆಯಲ್ಲಿ ಮೊಳೆಯೇ ಇಲ್ಲದೆ ಮರದ ಬೆಣೆ ಮಾತ್ರ ಕಂಡರೆ ಕಂಬಿಯನ್ನು ಕೆಳಗಿಡಿ. ಆಚೆ ಬದಿಯಿಂದ, ಸಪೂರ ಇರುವ ತುದಿಗೆ ಮರದ ಗೂಟ ಇಟ್ಟು ಬಡಿದರೆ ಬೆಣೆ ಹೊರಗೆ ಬರುತ್ತದೆ, ಕೂಡು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಂಥ ಕೂಡನ್ನು ಕಂಬಿ ಹಾಕಿ ಸೀಳಿದ್ದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕಂಬಿಯನ್ನೇ ಸುತ್ತಿಗೆಯಿಂದ ಹೊಡೆಯಬಹುದಾ? ಹೊಡೆಯಲೆಂದೇ ಬಿಟ್ಟ ಚಪ್ಪಟೆ ಜಾಗ ಇದ್ದರೆ ಅಲ್ಲಿ ಮಾತ್ರ, ಅದೂ ದಪ್ಪ ತಲೆಯ ಗಿಡ್ಡ ಸುತ್ತಿಗೆಯಿಂದ. ಮೊಳೆ ಹೊಡೆಯುವ ಸುತ್ತಿಗೆಯ ಮುಖ ಗಡಸು. ಗಡಸಿಗೆ ಗಡಸು ತಾಗಿದರೆ ಚೂರು ಹಾರುತ್ತದೆ. ಅದು ಹೋಗುವುದು ಕಣ್ಣಿಗೆ. ನೂರಿನ್ನೂರು ರೂಪಾಯಿಯ ಕನ್ನಡಕ ನಿಮಗೂ ಮಗನಿಗೂ ಇರಲಿ, ಬಿಸಿಲಿಗೆ ಬೆವರುತ್ತದೆ ಎಂದು ಹಣೆಗೆ ಏರಿಸಿಕೊಳ್ಳಬೇಡಿ. ಕಂಬಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡುವ ಚಾಳಿಯೂ ಬೇಡ. 18 ಇಂಚಿಗೆ ಲೆಕ್ಕ ಹಾಕಿದ ಉಕ್ಕಿಗೆ ನಾಲ್ಕು ಅಡಿಯ ಬಲ ಹಾಕಿದರೆ ಅದು ಬಗ್ಗುವುದಕ್ಕಿಂತ ಮೊದಲು ಪೈಪ್ ಜಾರಿ ನಿಮ್ಮನ್ನು ಬೀಳಿಸುತ್ತದೆ.

ಬೀಳುವ ಮಾತು ಬಂತಲ್ಲ, ಉದ್ದದ ಕಂಬಿಯ ನಿಜವಾದ ಅಪಾಯ ಅಲ್ಲಿದೆ. ಮೊಳೆ ನಿಧಾನಕ್ಕೆ ಬಿಡುವುದಿಲ್ಲ, ಒಮ್ಮೆಲೇ ಬಿಡುತ್ತದೆ. ನೆಲದ ಮೇಲೆ ನಿಂತಿದ್ದರೆ ಎರಡು ಹೆಜ್ಜೆ ಹಿಂದೆ ಹೋಗುತ್ತೀರಿ. ಏಣಿಯ ಮೇಲೆ ನಿಂತಿದ್ದರೆ ಹೆಜ್ಜೆ ಇಡಲು ಏನೂ ಇರುವುದಿಲ್ಲ. ಏಣಿಯ ಮೇಲೆ 30 ಇಂಚಿನ ಕಂಬಿ ಬೇಡವೇ ಬೇಡ. ಅಲ್ಲಿ ಗಿಡ್ಡದ್ದು, ಒಂದು ಕೈಯಲ್ಲಿ ಹಿಡಿಯುವಂಥದ್ದು. ಉದ್ದದ್ದು ಬೇಕಾದರೆ ಹಲಗೆ ಹಾಕಿದ ಅಟ್ಟಳಿಗೆ ಕಟ್ಟಿಕೊಳ್ಳಿ. ಎಲ್ಲೇ ಇರಲಿ, ಕಂಬಿಯನ್ನು ನಿಮ್ಮ ಮುಖದ ಕಡೆಗೆ ಎಳೆಯಬೇಡಿ. ಪಕ್ಕಕ್ಕೆ ನಿಂತು ಕೆಳಕ್ಕೆ ಒತ್ತಿ. ಬೆನ್ನಿಗೂ ಇದೇ ಒಳ್ಳೆಯದು. ಬಗ್ಗಿ ಮೇಲಕ್ಕೆ ಎತ್ತುವ ಮೀಟನ್ನು ಮಗನಿಗೆ ಬಿಡಿ.

ಬಿಚ್ಚುವ ಕ್ರಮ ಕಟ್ಟಿದ್ದರ ಉಲ್ಟಾ. ಮಾಡಿನ ನೆತ್ತಿಯಲ್ಲಿ ಗಾರೆ ಹಾಕಿ ಕೂರಿಸಿದ ಹಂಚಿನಿಂದ ಶುರು. ಹಂಚು ಇಳಿಸುವಾಗ ಎರಡೂ ಇಳಿಜಾರಿನಿಂದ ಸಮವಾಗಿ ತೆಗೆಯಿರಿ, ಈಚೆ ಎರಡು ಸಾಲು, ಆಚೆ ಎರಡು ಸಾಲು. ಮಂಗಳೂರು ಹಂಚು ಒಂದೊಂದು ಎರಡರಿಂದ ಮೂರು ಕಿಲೋ ತೂಗುತ್ತದೆ. ಒಂದು ಬದಿ ಖಾಲಿ ಮಾಡಿ ಇನ್ನೊಂದು ಬದಿ ತುಂಬಾ ಬಿಟ್ಟರೆ ಮಾಡು ಇಡಿಯಾಗಿ ಆ ಕಡೆ ವಾಲುತ್ತದೆ. ಹಂಚಿನ ಹಿಂಬದಿಯ ಅಚ್ಚು ನೋಡಿಕೊಳ್ಳಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಳೆ ಅಚ್ಚಿನ ಹಂಚುಗಳನ್ನು ಹುಡುಕಿಕೊಂಡು ಬರುವವರಿದ್ದಾರೆ, ಒಂದೇ ಅಚ್ಚಿನವನ್ನು ಒಟ್ಟಿಗೆ ಪೇರಿಸಿಡಿ. ಆಮೇಲೆ ರೀಪು, ಆಮೇಲೆ ಪಕ್ಕಾಸು. ಪಕ್ಕಾಸನ್ನೂ ಎದುರುಬದಿರು ಜೋಡಿಯಾಗಿಯೇ ತೆಗೆಯಬೇಕು.

ದಾರಂದದ ವಿಷಯದಲ್ಲಿ ಎಲ್ಲರಿಗೂ ಅವಸರ. ಕೆತ್ತನೆ ಇರುವ ಬಾಗಿಲು, ಒಳ್ಳೆ ಮರ, ಮೊದಲು ಅದನ್ನು ತೆಗೆದು ಭದ್ರವಾಗಿಡೋಣ ಅನಿಸುತ್ತದೆ. ಬಾಗಿಲ ರೆಕ್ಕೆ ಕಳಚಿಡಿ, ಪರವಾಗಿಲ್ಲ. ದಾರಂದ ಮುಟ್ಟಬೇಡಿ. ಹಳೆ ಮಣ್ಣುಗಾರೆಯ ಮನೆಗಳಲ್ಲಿ ಬಾಗಿಲ ಮೇಲಿನ ಗೋಡೆಯ ಭಾರವನ್ನು ಎಷ್ಟೋ ಸಲ ದಾರಂದವೇ ಹೊತ್ತಿರುತ್ತದೆ. ಮೇಲೆ ಸಿಮೆಂಟಿನ ಲಿಂಟಲ್ ಇರುವುದಿಲ್ಲ. ಇರುವ ಮರದ ತುಂಡೂ ಗೆದ್ದಲು ತಿಂದು ಟೊಳ್ಳಾಗಿರಬಹುದು. ಕಂಬಿ ಹಾಕಿ ಎಬ್ಬಿಸಿದಿರೋ, ಮೇಲಿನ ಕಲ್ಲುಗಳು ಕಂಬಿ ಹಿಡಿದವರ ಮೇಲೇ ಬೀಳುತ್ತವೆ. ಮಾಡು ಇಳಿದು, ದಾರಂದದ ಮೇಲಿನ ಕಲ್ಲೆಲ್ಲ ಕೈಯಿಂದ ತೆಗೆದ ಮೇಲೆ ಅದು ಮೀಟುವ ಕೆಲಸವೇ ಇಲ್ಲದೆ ಬರುತ್ತದೆ.

ಇನ್ನು ಗೋಡೆ. ಇಲ್ಲಿ ಆಚಾರಿ ಹೇಳಿದ್ದು ಪೂರ್ತಿ ಸರಿ. ಮಣ್ಣುಗಾರೆಯ ಕೆಂಪುಕಲ್ಲಿಗೆ ನಾಲ್ಕೈದು ಅಡಿಯ ಕಂಬಿಪಾರೆಯನ್ನು ಮೀರಿಸಿದ್ದಿಲ್ಲ. ಮೇಲಿನ ವರಸೆಯಿಂದ ಒಂದೊಂದೇ ಕಲ್ಲಿನ ಸಂದಿಗೆ ಹಾಕಿ ಅಲುಗಿಸಿದರೆ ಕಲ್ಲು ಇಡಿಯಾಗಿ ಬರುತ್ತದೆ, ಕಟ್ಟೆಗೋ ಆವರಣಕ್ಕೋ ಆಗುತ್ತದೆ. ಇದೇ ಕಂಬಿಪಾರೆಯನ್ನು ರೀಪಿಗೆ ಹಾಕಿದರೆ ರೀಪು ಸೌದೆ. ಅವರ ಮಾತಿನ ಉಳಿದರ್ಧ ಅಲ್ಲಿ ತಪ್ಪುತ್ತದೆ. ಮಾಡು ಹೋದ ಮೇಲೆ ಪಕ್ಕದ ತ್ರಿಕೋನ ಗೋಡೆಗೆ ಹಿಡಿಯುವವರು ಯಾರೂ ಇರುವುದಿಲ್ಲ, ಅದನ್ನು ಅವತ್ತೇ ಇಳಿಸಿ, ರಾತ್ರಿಗೆ ಬಿಡಬೇಡಿ. ಗೋಡೆಯ ಬುಡ ಕೊರೆದು ದೂಡಿ ಬೀಳಿಸುವ ಪದ್ಧತಿ ನಮ್ಮ ಕಡೆ ಇದೆ. ಅದು ಯಾವ ಕಡೆಗೆ ಬೀಳುತ್ತದೆ ಎಂದು ಮೊದಲೇ ಹೇಳಲು ಯಾರಿಂದಲೂ ಆಗುವುದಿಲ್ಲ.

ರಬ್ಬರ್ ಹಿಡಿಯ ಬಗ್ಗೆ ಓದಿದ್ದನ್ನು ಮರೆತುಬಿಡಿ. ಅದು ಕೈ ಜಾರದಿರಲು ಹಾಕಿದ್ದು. ಕರೆಂಟ್ ತಡೆಯುತ್ತದೆ ಎಂದು ಪರೀಕ್ಷೆ ಮಾಡಿದ್ದಲ್ಲ. ನಿಮ್ಮ ಬೆರಳು ರಬ್ಬರಿನಿಂದ ಒಂದು ಇಂಚು ಮುಂದೆ ಹೋದರೆ ಮುಟ್ಟುವುದು ಬರೀ ಉಕ್ಕು. ಮೈನ್ ಸ್ವಿಚ್ ಇಳಿಸಿದರೂ ಕಂಬದಿಂದ ಮೀಟರಿನವರೆಗಿನ ತಂತಿಯಲ್ಲಿ ಕರೆಂಟ್ ಇರುತ್ತದೆ. ಕೆಎಸ್‌ಇಬಿ ಎಂಬ ಕೇರಳ ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಹಳೆ ಮನೆಯ ಸಂಪರ್ಕವನ್ನೇ ತೆಗೆಸಿ, ಆಮೇಲೆ ಹಂಚಿಗೆ ಕೈ ಹಾಕಿ.

ಜಗಲಿಯ ಸಿಮೆಂಟ್ ಶೀಟಿಗೆ ಯಾವ ಕಂಬಿಯೂ ಬೇಡ. ಹಳೆ ಶೀಟಿನಲ್ಲಿ ಕಲ್ನಾರು ಇರುತ್ತದೆ. ಒಡೆದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರುವುದಿಲ್ಲ. ಶೀಟನ್ನು ಚೆನ್ನಾಗಿ ನೀರು ಹಾಕಿ ನೆನೆಸಿ. ಕೊಕ್ಕೆ ಬೋಲ್ಟಿನ ನಟ್ ಬಿಚ್ಚಿ, ಬಾರದಿದ್ದರೆ ಬೋಲ್ಟನ್ನು ಕತ್ತರಿಸಿ. ಶೀಟ್ ಇಡಿಯಾಗಿ ಇಳಿಯಲಿ. ಬಟ್ಟೆಯಾಗಲಿ ಎನ್95 ಆಗಲಿ ಕಲ್ನಾರಿಗೆ ಸಾಲದು, ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು. ನಿಮ್ಮ ಮನೆಯಲ್ಲಿ ಕೂಲಿಗೆ ಒಳ್ಳೆಯವರು ಸಿಕ್ಕರೆ ಕೊಡಬಹುದಾದ ಕೆಲಸ ಇದೇ ಎಂದು ನನಗನಿಸುತ್ತದೆ, ಆದರೆ ಅವರಿಗೂ ಮಾಸ್ಕ್ ಕೊಟ್ಟೇ ಮಾಡಿಸಿ. ಮಾಡಿನ ಎಡೆಯಲ್ಲಿ ಕಣಜದ ಗೂಡು, ಪೇರಿಸಿದ ಹಂಚಿನ ಅಡಿಯಲ್ಲಿ ಹಾವು, ಇದೆಲ್ಲ ನಿಮಗೆ ಹೇಳಿಕೊಡಬೇಕಾಗಿಲ್ಲ. ಟಿಟಿ ಇಂಜೆಕ್ಷನ್ ಆಗಿ ಎಷ್ಟು ವರ್ಷ ಆಯಿತು ಎಂದು ಮಾತ್ರ ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಳ್ಳಿ, ತುಕ್ಕು ಮೊಳೆಯ ಮಧ್ಯೆ ನಡೆಯುವ ಕೆಲಸ ಇದು. ಕಾಲಿಗೆ ಚಪ್ಪಲಿ ನಡೆಯದು.

ಹಾಗಾದರೆ ಕೊನೆಗೆ ಏನು ತರುವುದು? ನಾನಾದರೆ ಹೀಗೆ ತರುತ್ತೇನೆ: 12ರಿಂದ 15 ಇಂಚಿನ ಒಂದು ತೆಳು ಪಟ್ಟಿ ಕಂಬಿ, ಸ್ಪ್ರಿಂಗ್ ಉಕ್ಕಿನದ್ದು. ಒಂದು ಕ್ಯಾಟ್ಸ್ ಪಾ. ಹಂಸದ ಕೊರಳಿನಂತೆ ಬಾಗಿದ 30 ಅಥವಾ 36 ಇಂಚಿನ ಷಟ್ಕೋನದ ಕಂಬಿ ಒಂದು, ಅಟ್ಟಳಿಗೆಯ ಮೇಲೆ ನಿಂತು ಪಕ್ಕಾಸು ಸಡಿಲಿಸಲು. ಮನೆಯ ಕಂಬಿಪಾರೆ ಇದ್ದೇ ಇದೆ. ಮೂರೂ ಸೇರಿ ಸಾಮಾನ್ಯವಾಗಿ ನೀವು ಬರೆದ ನಾಲ್ಕು ಸಾವಿರದೊಳಗೆ ಮುಗಿಯುತ್ತದೆ, ದುಡ್ಡು ಉಳಿದರೆ ಕನ್ನಡಕಕ್ಕೆ, ದಪ್ಪ ಅಡಿಯ ಬೂಟಿಗೆ ಹಾಕಿ. ಮಗನಿಗೆ ಆ ಬಹುಪಯೋಗಿ ಕಂಬಿ ಬೇಕೇ ಬೇಕು ಎಂದಿದ್ದರೆ 18 ಇಂಚಿನದ್ದು ತರಲಿ. ಹೊಸ ಮನೆಯ ಕಾಂಕ್ರೀಟಿನ ಸೆಂಟ್ರಿಂಗ್ ಹಲಗೆ, ಪ್ಯಾಕಿಂಗ್ ಪೆಟ್ಟಿಗೆ, ಕೊಟ್ಟಿಗೆಯ ಕೊಳೆತ ತಡಿಕೆ, ಇಂಥದ್ದಕ್ಕೆಲ್ಲ ಅದು ಚೆನ್ನಾಗಿ ಆಗುತ್ತದೆ. ಉಳಿಸಬೇಕೆಂದಿಲ್ಲದ ಮರಕ್ಕೆ ಅದರಷ್ಟು ಬೇಗ ಕೆಲಸ ಮಾಡುವ ಹತ್ಯಾರು ಕಡಿಮೆ. 30 ಇಂಚಿನ ಬಹುಪಯೋಗಿ ಮಾತ್ರ ನಿಮ್ಮ ಬೆನ್ನಿಗೂ ಬೇಡ, ನಿಮ್ಮ ಮನೆಗೂ ಬೇಡ.

ಪತ್ತನಾಜೆಯ ಒಳಗೆ, ಅಂದರೆ ಮೇ 24ರ ಸುಮಾರಿಗೆ ಮೊದಲು, ಮಾಡೂ ಗೋಡೆಯೂ ಎರಡೂ ಇಳಿದಿರಬೇಕು. ಅಷ್ಟು ಬಿಡುವು ಮಗನಿಗೆ ಸಿಗದಿದ್ದರೆ ಈ ವರ್ಷ ಹಂಚಿಗೆ ಕೈ ಹಾಕಬೇಡಿ. ಮಾಡಿಲ್ಲದ ಮಣ್ಣುಗಾರೆಯ ಗೋಡೆ ನಮ್ಮ ಜೂನ್ ಮಳೆಗೆ ನೆನೆದು ತಾನಾಗಿ ಕುಸಿಯುತ್ತದೆ.

ಬಿಚ್ಚಿದ ಮರವನ್ನು ಮಿಲ್ಲಿಗೆ ಒಯ್ಯುವ ಮೊದಲು ಒಂದು ಬಲವಾದ ಅಯಸ್ಕಾಂತವನ್ನು ಪ್ರತಿ ಪಕ್ಕಾಸಿನ ಉದ್ದಕ್ಕೂ ಸವರಿಕೊಂಡು ಹೋಗಿ. ಹಳೆ ಸ್ಪೀಕರಿನ ಹಿಂಬದಿಯದ್ದಾದರೂ ಆಗುತ್ತದೆ. ತಲೆ ಮುರಿದು ಒಳಗೇ ಉಳಿದ ಮೊಳೆ ಮೇಲ್ಮೈಗೆ ಹತ್ತಿರ ಇದ್ದರೆ ಅದು ಅಂಟಿ ಹೇಳುತ್ತದೆ, ಆಳದಲ್ಲಿದ್ದರೆ ಕಪ್ಪು ಕಲೆ ನೋಡಿಯೇ ಹುಡುಕಬೇಕು. ಸಿಕ್ಕಿದಲ್ಲೆಲ್ಲ ಸುಣ್ಣದ ಗುರುತು ಹಾಕಿ, ಮಿಲ್ಲಿನವರಿಗೂ ಮೊದಲೇ ಹೇಳಿಬಿಡಿ. ಅವರ ಬ್ಲೇಡ್ ಹೋದರೆ ಅದರ ದುಡ್ಡನ್ನು ನಿಮ್ಮ ಲೆಕ್ಕಕ್ಕೇ ಬರೆಯುತ್ತಾರೆ.